ಡಿಫರೆನ್ಸ್ ಕಡತ

ನಮ್ಮ ಅಧೀಕ್ಷಕರು ತಮಗೆ ತಾವೇ ನೋಟೀಸು ಕೊಟ್ಟುಕೊಂಡದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಯಾವ ಇಲಾಖೆಯ ಅಧೀಕ್ಷಕರು ಎಂದು ಹೇಳುವುದಿಲ್ಲ. ಚಾಮರಾಜನಗರದಲ್ಲಿ ಕಚೇರಿಗಳಿಗೇನು ಬರವೇ, ಅವುಗಳಲ್ಲೊಂದು ಎಂದಿಟ್ಟುಕೊಳ್ಳಿ. ನಾನಿನ್ನೂ ಅಲ್ಲೇ ಸಂಬಳ ಪಡೆಯುತ್ತಿದ್ದೇನೆ, ಮುಂದೆಯೂ ಪಡೆಯುವ ಆಸೆಯಿದೆ.

ಹೋದ ತಿಂಗಳು ಅವರು ತೀರಿಕೊಂಡರು. ನಿವೃತ್ತರಾಗಿ ಎರಡು ವರ್ಷವಾಗಿತ್ತು. ಹನ್ನೊಂದನೆಯ ದಿನ ಗುಂಡ್ಲುಪೇಟೆಯ ಅವರ ಮನೆಯಲ್ಲಿ ಊಟ ಮುಗಿಸಿ ಹೊರಡುವಾಗ ಅವರ ಹೆಂಡತಿ ಒಳಗಿನಿಂದ ಒಂದು ಕಡತ ತಂದು ನನ್ನ ಕೈಗಿಟ್ಟು, ನಿಮ್ಮ ಆಫೀಸಿನದು ಇಲ್ಲೇ ಉಳಿದುಬಿಟ್ಟಿದೆ, ತೆಗೆದುಕೊಂಡು ಹೋಗಮ್ಮ ಎಂದರು. ಅದು ಆಫೀಸಿನದಲ್ಲ. ರಟ್ಟಿನ ಮೇಲೆ ಅವರ ದುಂಡನೆಯ ಅಕ್ಷರದಲ್ಲಿ ಹೀಗಿತ್ತು: "ವಿಷಯ: ಸ್ವಂತ ವಾಹನದ ಹಿಂಬದಿಯ ಡಿಫರೆನ್ಷಿಯಲ್ ಆಯ್ಕೆ ಕುರಿತು." ದಪ್ಪ ನೋಡಿದರೆ ಯಾವುದೋ ನಾಲ್ಕು ತಲೆಮಾರಿನ ಜಮೀನಿನ ತಕರಾರು ಎನ್ನಬೇಕು. ಅದನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತೆ. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ನಮ್ಮ ಬೇಗೂರು ಬರುವಷ್ಟರಲ್ಲಿ ಎರಡೂ ಆಗಿತ್ತು.

ನಾನು ಕೆಲಸಕ್ಕೆ ಸೇರಿದ ಮೊದಲ ದಿನವೇ ಅವರು ನನ್ನನ್ನು ಕರೆದು, ಕಚೇರಿಯಲ್ಲಿ ಕಾಗದದ ಮೇಲೆ ಇಲ್ಲದ್ದು ಯಾವುದೂ ಇಲ್ಲ ಎಂದು ಹೇಳಿಕೊಟ್ಟರು. ಕೆಮ್ಮು ಬಂದರೂ ಅರ್ಜಿ ಬರೆದು ಕೆಮ್ಮುವ ಪೈಕಿ. ಸಣಕಲು ದೇಹ, ಮಣಿಕಟ್ಟಿನವರೆಗೆ ಗುಂಡಿ ಹಾಕಿದ ತುಂಬುತೋಳಿನ ಅಂಗಿ, ಕತ್ತುಪಟ್ಟಿಯೊಳಗೆ ಮಡಿಸಿ ಸಿಕ್ಕಿಸಿದ ಕರ್ಚೀಫು. ಆಡುವ ಮಾತೂ ಕಡತದಿಂದಲೇ ಎದ್ದು ಬಂದಂತಿರುತ್ತಿತ್ತು. ಚಹಾ ತಡವಾಗಿ ಬಂದರೆ ಬೈಯುತ್ತಿರಲಿಲ್ಲ, "ಸದರಿ ಚಹಾ ಆರಿಹೋಗಿರುತ್ತದೆ" ಎನ್ನುತ್ತಿದ್ದರು. ನಾನು ಬೇಗೂರಿನಿಂದ ಗುಂಡ್ಲುಪೇಟೆಗೆ ಬಂದು ಬಸ್ಸು ಬದಲಾಯಿಸುತ್ತಿದ್ದೆ, ಅವರು ಅಲ್ಲಿ ಹತ್ತುತ್ತಿದ್ದರು. ತೆರಕಣಾಂಬಿ ಮೇಲೆ ಚಾಮರಾಜನಗರದವರೆಗೆ ನಿತ್ಯ ಒಟ್ಟಿಗೇ ಪ್ರಯಾಣ. ಡ್ರೈವರಿನ ಹಿಂದಿನ ಸೀಟೇ ಅವರಿಗೆ ಬೇಕು. ಅವನು ತಪ್ಪು ಗಿಯರು ಹಾಕಿದಾಗಲೆಲ್ಲ ನಾಲಿಗೆಯಲ್ಲಿ ಲೊಚಗುಟ್ಟುತ್ತಿದ್ದರು. ಆ ದಾರಿಯ ಡ್ರೈವರುಗಳು ಚೆಕಿಂಗಿನವರಿಗಿಂತ ಅವರಿಗೆ ಹೆಚ್ಚು ಹೆದರುತ್ತಿದ್ದರು.

ಇಂಥವರಲ್ಲಿ ಎಂಥ ಕಾರಿತ್ತು ಗೊತ್ತೇ? ಉದ್ದ ಮೂತಿಯ, ಹಿಂದಿನ ಚಕ್ರಗಳಿಂದ ಓಡುವ ಹಳೇ ಕಾರು. ಅದಕ್ಕೆ ಮೂಲ ಇಂಜಿನ್ ತೆಗೆದು ದುಪ್ಪಟ್ಟು ಕಸುವಿನ ಇಂಜಿನ್ ಕೂಡಿಸಿದ್ದರು. ಕೂಡಿಸುವ ಮೊದಲು ಅನುಮತಿಯ ಕಾಗದ ಪಡೆದು, ಮೂರು ಜೆರಾಕ್ಸ್ ತೆಗೆಸಿ, ಒಂದಕ್ಕೆ ಕಟ್ಟು ಹಾಕಿಸಿದ್ದರು ಎಂದು ಬೇರೆ ಹೇಳಬೇಕಿಲ್ಲ. ಸ್ಟಾರ್ಟ್ ಮಾಡಿದರೆ ಪಕ್ಕದ ಮನೆಯ ಪಾತ್ರೆ ಅದುರುತ್ತಿತ್ತು. ಅಷ್ಟೆಲ್ಲ ಆಗಿ ಅದನ್ನು ನಲವತ್ತರ ಮೇಲೆ ಓಡಿಸಿದ್ದನ್ನು ಯಾರೂ ನೋಡಿಲ್ಲ. ಅಷ್ಟು ಕಸುವು ಯಾಕೆ ಸಾರ್ ಎಂದು ನಾನೊಮ್ಮೆ ಕೇಳಿದ್ದಕ್ಕೆ, ಅಧಿಕಾರ ಇರಬೇಕು, ಚಲಾಯಿಸಬಾರದು ಎಂದರು.

ಆ ಕಾರಿನ ಮೈಗೆ ಕೈ ಹಾಕುವ ಹಕ್ಕಿದ್ದದ್ದು ಒಬ್ಬರಿಗೇ. ಗುಂಡ್ಲುಪೇಟೆಯಿಂದ ಚಾಮರಾಜನಗರದ ಕಡೆಗೆ ಊರು ಮುಗಿಯುವಲ್ಲಿ ಶೆಡ್ಡು ಇಟ್ಟಿದ್ದ ಮೇಸ್ತ್ರಿ. ಮನೆಯಲ್ಲಿ ಉರ್ದು, ಶೆಡ್ಡಿನಲ್ಲಿ ಅಚ್ಚ ಗುಂಡ್ಲುಪೇಟೆ ಕನ್ನಡ. ಇಬ್ಬರೂ ನಾಲ್ಕನೇ ಕ್ಲಾಸಿನವರೆಗೆ ಒಂದೇ ಬೆಂಚಿನಲ್ಲಿ ಕೂತವರು. ಅಲ್ಲಿಂದಾಚೆಗೆ ಒಬ್ಬರ ಕೈಗೆ ಪೆನ್ನು ಬಂತು, ಇನ್ನೊಬ್ಬರ ಕೈಗೆ ಸ್ಪ್ಯಾನರು ಬಂತು. ಮೇಸ್ತ್ರಿ ಕನ್ನಡದಲ್ಲಿ ಬಸ್ಸಿನ ಬೋರ್ಡು ಓದುತ್ತಿದ್ದರು, ಕನ್ನಡದ ಬರವಣಿಗೆ ಮರೆತುಹೋಗಿ ಬರೆಯಲು ಬರುತ್ತಿದ್ದದ್ದು ಮನೆಯಲ್ಲಿ ಕಲಿತ ಉರ್ದು ಮಾತ್ರ. ಶೆಡ್ಡಿನ ಹೊಸ್ತಿಲು ದಾಟಿದೊಡನೆ ನಮ್ಮ ಅಧೀಕ್ಷಕರ ಬಾಯಿಂದ 'ಸದರಿ' ಉದುರಿಹೋಗಿ "ಏನ್ಲಾ, ಉಂಡಾ?" ಹೊರಡುತ್ತಿತ್ತು. ಮೊದಲ ಸಲ ಅದನ್ನು ಕೇಳಿದಾಗ ನಾನು ಹಿಂದೆ ತಿರುಗಿ ಬೇರೆ ಯಾರು ಬಂದರು ಎಂದು ನೋಡಿದ್ದೆ.

ಡಿಫರೆನ್ಷಿಯಲ್ಲಿನ ಗೋಳು ಶುರುವಾದದ್ದು ಗುಂಡ್ಲುಪೇಟೆ ಪಕ್ಕದ ಹಂಗಳದಲ್ಲಿ. ಮೊದಲ ಮಳೆ ಬಿದ್ದಿತ್ತು. ಎದುರಿಗೆ ಬಂದ ಬಸ್ಸಿಗೆ ದಾರಿ ಬಿಡಲು ಕಾರನ್ನು ಪಕ್ಕಕ್ಕೆ ತಿರುಗಿಸಿದರು. ಎಡಗಡೆಯ ಹಿಂದಿನ ಚಕ್ರ ಕೆಸರಿಗಿಳಿಯಿತು, ಬಲಗಡೆಯದು ಟಾರಿನ ಮೇಲೇ ಇತ್ತು. ಆಕ್ಸಿಲರೇಟರು ಒತ್ತಿದರೆ ಕೆಸರಿನಲ್ಲಿದ್ದ ಚಕ್ರ ಗಿರಗಿರನೆ ತಿರುಗಿ, ಕೇರಳಕ್ಕೆ ಹೊರಟಿದ್ದ ಚೆಂಡು ಹೂವಿನ ಮೂಟೆಗಳಿಗೆಲ್ಲ ಕೆಸರು ಬಳಿಯಿತು. ಟಾರಿನ ಮೇಲಿದ್ದ ಚಕ್ರ ಕದಲಲಿಲ್ಲ. ಹೂವಿನ ಲಾರಿಗೆ ಬಂದಿದ್ದ ಮಲಯಾಳಿ ಲೋಡರ್ ಒಬ್ಬ ಕಾರು ತಳ್ಳುತ್ತಾ, ಒಂದು ಚಕ್ರ ಡ್ಯೂಟಿ, ಒಂದು ಚಕ್ರ ಲೀವು, ಇದು ಸರ್ಕಾರಿ ಕಾರಾ ಎಂದು ಕೇಳಿದನಂತೆ. ಸುತ್ತ ಇದ್ದವರೆಲ್ಲ ನಕ್ಕರಂತೆ. ಮೂವತ್ತು ವರ್ಷದ ಸರ್ವೀಸಿನಲ್ಲಿ ಅಂಥ ಅವಮಾನ ಆಗಿರಲಿಲ್ಲ ಎಂದು ಮರುದಿನ ಬಸ್ಸಿನಲ್ಲಿ ನನಗೆ ಹೇಳುವಾಗ ಅವರ ಕಿವಿ ಇನ್ನೂ ಕೆಂಪಗಿತ್ತು.

ಆವತ್ತೇ ನನಗೆ ಪಾಠವೂ ಆಯಿತು. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಹೋಗಬೇಕು, ಒಳಗಿನದು ಕಡಿಮೆ. ಎರಡಕ್ಕೂ ಕಸುವು ಹಂಚುತ್ತಲೇ ಎರಡನ್ನೂ ಅವುಗಳ ಪಾಡಿಗೆ ತಿರುಗಲು ಬಿಡುವ ಪೆಟ್ಟಿಗೆಯೇ ಡಿಫರೆನ್ಷಿಯಲ್. ಅದರ ದೋಷವೆಂದರೆ ಯಾವ ಚಕ್ರ ಜಾರುತ್ತದೋ ಓಟವೆಲ್ಲ ಅದಕ್ಕೇ. "ಒಂದು ಸೆಕ್ಷನ್ನಿನಲ್ಲಿ ಇಬ್ಬರು ಗುಮಾಸ್ತರು ಅಂತಿಟ್ಟುಕೋ. ಒಬ್ಬ ಕುರ್ಚಿ ಬಿಟ್ಟು ಸುಮ್ಮನೆ ಸುತ್ತುತ್ತಾನೆ. ಟಿ.ಎ. ಬಿಲ್ಲೆಲ್ಲ ಅವನಿಗೇ ಪಾಸಾಗುತ್ತದೆ. ಕುರ್ಚಿಯಲ್ಲಿ ಗಟ್ಟಿಯಾಗಿ ಕೂತವನಿಗೆ ಏನೂ ಇಲ್ಲ" ಎಂದರು. ಇಷ್ಟು ಚೆನ್ನಾಗಿ ಯಾವ ಕಾಲೇಜಿನಲ್ಲಿ ಹೇಳಿಕೊಡುತ್ತಾರೆ ಹೇಳಿ. ಜಾರುವ ಚಕ್ರವನ್ನು ಒಂದಿಷ್ಟು ಹಿಡಿದು, ನಿಂತ ಚಕ್ರಕ್ಕೂ ಕೆಲಸ ಕೊಡುವ ಬೇರೆ ಬಗೆಯ ಡಿಫರೆನ್ಷಿಯಲ್ಲುಗಳು ಸಿಗುತ್ತವೆ. ಅವುಗಳಲ್ಲಿ ಒಂದನ್ನು ಆರಿಸಿ ಹಾಕಿಸುವುದೆಂದು ಆವತ್ತೇ ತೀರ್ಮಾನವಾಯಿತು. ಎರಡು ಬಗೆ ಸಿಕ್ಕವು. ಒಂದು ಪ್ಲೇಟುಗಳದು, ಇನ್ನೊಂದು ಗಿಯರಿನದು. ಕಡತ ಹುಟ್ಟಿದ್ದು ಹಾಗೆ.

ಕಡತವನ್ನು ಈಗ ಓದಿದರೂ ನಗು ತಡೆಯಲಾಗುವುದಿಲ್ಲ. ವಿಷಯ ನಿರ್ವಾಹಕರೂ ಅವರೇ, ಮೇಲಿನ ಅಧೀಕ್ಷಕರೂ ಅವರೇ. ಮೊದಲ ಟಿಪ್ಪಣಿ ಗುಮಾಸ್ತನ ವಿನಯದಲ್ಲಿತ್ತು: "ಗಿಯರ್ ಮಾದರಿಯು ಶಬ್ದರಹಿತವಾಗಿದ್ದು, ಸವೆಯುವ ಪ್ಲೇಟುಗಳನ್ನು ಹೊಂದಿರುವುದಿಲ್ಲ. ಸದರಿ ಮಾದರಿಯನ್ನು ಆಯ್ಕೆ ಮಾಡಬಹುದಾಗಿದೆ. ಆದೇಶಕ್ಕಾಗಿ ಮಂಡಿಸಿದೆ." ಕೆಳಗೆ ಬೇರೆ ಶಾಯಿಯಲ್ಲಿ, ಬಿಗಿ ಮುಖದಿಂದ: "ಪ್ಲೇಟ್ ಮಾದರಿಯನ್ನು ಏಕೆ ಪರಿಗಣಿಸಿಲ್ಲ? ಪೂರ್ಣ ಮಾಹಿತಿಯೊಂದಿಗೆ ಮರುಮಂಡಿಸಿ." ಮರುಮಂಡಿಸಲು ಎರಡು ತಿಂಗಳಾಯಿತು. ಆಗ ನೋಟೀಸು: "ಅನಗತ್ಯ ವಿಳಂಬದ ಬಗ್ಗೆ ಮೂರು ದಿನದೊಳಗೆ ಸಮಜಾಯಿಷಿ ನೀಡತಕ್ಕದ್ದು." ಸಮಜಾಯಿಷಿ ಮಾರನೆಯ ದಿನವೇ ಇದೆ, ಕಾರಣ ನೆಗಡಿ. ಅದರ ಕೆಳಗೆ, "ಈ ಬಾರಿ ಕ್ಷಮಿಸಿದೆ."

ಕೊಯಮತ್ತೂರಿನ ಬಿಡಿಭಾಗದ ಅಂಗಡಿಗಳಿಗೆ ಪತ್ರ ಬರೆದರು, ಫೋನು ಮಾಡಿದರು. ನಡುನಡುವೆ ಮೇಸ್ತ್ರಿಗೂ ಫೋನು ಮಾಡುತ್ತಿದ್ದರು, ಅದರಿಂದ ಒಂದು ಸಣ್ಣ ಅನಾಹುತವೂ ಆಯಿತು. ಮೇಸ್ತ್ರಿಯ ಬಾಯಲ್ಲಿ ಡಿಫರೆನ್ಷಿಯಲ್ ಎಂಬುದು 'ಡಿಫರೆನ್ಸು' ಆಗಿತ್ತು, ಅವರ ಜೊತೆ ಫೋನಿನಲ್ಲಿ ಮಾತಾಡುವಾಗ ಅಧೀಕ್ಷಕರೂ ಹಾಗೆಯೇ ಹೇಳುತ್ತಿದ್ದರು. ನಮ್ಮಲ್ಲಿ ಡಿಫರೆನ್ಸು ಬಂತು ಎಂದರೆ ಮನಸ್ತಾಪ ಬಂತು ಎಂದೇ ಅರ್ಥ. ಒಂದು ಮಧ್ಯಾಹ್ನ ಅಧೀಕ್ಷಕರು ಫೋನಿನಲ್ಲಿ, ಡಿಫರೆನ್ಸು ಜಾಸ್ತಿ ಸದ್ದು ಮಾಡ್ತಾದೆ, ಇಂಗೇ ಬುಟ್ರೆ ಒಂದಿನ ನಡುದಾರೀಲಿ ಕೈ ಕೊಡ್ತದೆ, ಬಿಚ್ಚಿ ನೋಡೇಬುಡನ ಎಂದು ಹೇಳಿದ್ದು ಇಡೀ ಸೆಕ್ಷನ್ನಿನ ಕಿವಿಗೆ ಬಿತ್ತು. ಆ ಭಾನುವಾರ ನಾವು ಮೂವರು ಹೆಂಗಸರು ಹಣ್ಣು ಹಿಡಿದುಕೊಂಡು ಅವರ ಹೆಂಡತಿಗೆ ಸಮಾಧಾನ ಹೇಳಲು ಹೋದೆವು. ಮೂವತ್ತು ವರ್ಷ ಬಾಳಿದವರು ಈ ವಯಸ್ಸಿನಲ್ಲಿ ಹೀಗೆಲ್ಲ ಮಾಡಿಕೊಳ್ಳಬಾರದು ಎಂದು ನಾನೇ ಶುರು ಮಾಡಿದೆ. ಆಕೆ ಸುಮ್ಮನೆ ಕೇಳಿಸಿಕೊಂಡು, ಕಾಫಿ ತಂದಿಟ್ಟು, "ಡಿಫರೆನ್ಸು ಇರೋದು ಕಾರ್ಗೆ ಕಣಮ್ಮಿ, ನಮ್ಗಲ್ಲ. ನಮ್ದು ಸವ್ದು ಸವ್ದು ಸರ್ಯಾಗೋಗದೆ" ಎಂದರು. ಹಣ್ಣನ್ನು ಹಿಂದಕ್ಕೆ ತರಲಾಗುತ್ತದೆಯೇ, ಅಲ್ಲೇ ಬಿಟ್ಟು ಬಂದೆವು.

ನಿಜವಾದ ಮನಸ್ತಾಪ ಬಂದದ್ದು ಮೇಸ್ತ್ರಿಯ ಜೊತೆ. ಆವತ್ತು ನಾನೂ ಶೆಡ್ಡಿನಲ್ಲಿದ್ದೆ. ಅಳತೆ ತೆಗೆಯಲೆಂದು ಮೇಸ್ತ್ರಿ ಕಾರಿನ ಹಿಂಭಾಗ ಎತ್ತಿ ನಿಲ್ಲಿಸಿ, ಡಿಫರೆನ್ಷಿಯಲ್ ಬಿಚ್ಚಿ ಕೆಳಗಿಟ್ಟಿದ್ದರು. ನಮ್ಮ ಅಧೀಕ್ಷಕರಿಗೆ ಗಿಯರಿನದೇ ಬೇಕು. ಪ್ಲೇಟಿನದು ನಿಧಾನದ ತಿರುವಿನಲ್ಲಿ ಟಕಟಕ ಸದ್ದು ಮಾಡುತ್ತದೆ, ಬೀದಿಯವರು ಕಾರು ಕೆಟ್ಟಿದೆ ಎಂದುಕೊಳ್ಳುತ್ತಾರೆ ಎಂಬುದು ಅವರ ಚಿಂತೆ. ಮೇಸ್ತ್ರಿ ನನ್ನ ಟಿಫನ್ ಡಬ್ಬಿಯ ಮುಚ್ಚಳ, ತಮ್ಮ ಡಬ್ಬಿಯ ಮುಚ್ಚಳ, ಎರಡು ಚಹಾ ತಟ್ಟೆ ಎಲ್ಲವನ್ನೂ ಒಂದರ ಮೇಲೊಂದಿಟ್ಟು, ಮೇಲಿನಿಂದ ಅಂಗೈಯಲ್ಲಿ ಒತ್ತಿ ಹಿಡಿದು, ತಳದ್ದನ್ನು ತಿರುಗಿಸಿ ತೋರಿಸಿದರು. ಎಲ್ಲವೂ ಒಟ್ಟಿಗೆ ತಿರುಗಿದವು.

"ಗಿಯರ್ದು ಒಳ್ಳೇದೇ ಕಣ್ಲಾ, ಇಲ್ಲ ಅನ್ನಕಿಲ್ಲ. ಆದ್ರೆ ಅದು ಲೆಕ್ಕದ ಗಿರಾಕಿ" ಎಂದರು. "ಜಾರೋ ಚಕ್ರ ಎಷ್ಟು ಇಡ್ಕತದೋ, ಅದ್ರ ಮೂರಷ್ಟು ನಿಂತಿರೋದಕ್ಕೆ ಕೊಡ್ತದೆ. ಆ ಚಕ್ರ ಗಾಳೀಲಿ ನಿಂತ್ಬುಟ್ರೆ? ಸೊನ್ನೆ ಮೂರ್ಲ ಸೊನ್ನೆ. ಪ್ಲೇಟ್ದು ಅಂಗಲ್ಲ. ಒಸಿ ಬಿಗಿ ಮೊದ್ಲೇ ಮಡಗಿರ್ತೀವಿ. ಆ ಕಡೆಯಿಂದ ಏನೂ ಬರ್ದೆ ಓದ್ರೂವೆ ಈ ಕಡೆ ಒಸಿ ತಳ್ತದೆ."

ನನಗಂತೂ ಅಷ್ಟಕ್ಕೇ ಅರ್ಥವಾಗಿಹೋಯಿತು. ನಮ್ಮ ಅಧೀಕ್ಷಕರು ಕರ್ಚೀಫು ತೆಗೆದು ಹಣೆ ಒರೆಸಿಕೊಂಡರು. ಅವರ ಮನಸ್ಸಿನಲ್ಲಿ ಗೌರವವೇ ಇತ್ತು, ಈಗಲೂ ಆಣೆ ಮಾಡಿ ಹೇಳುತ್ತೇನೆ. ಅವರ ಲೋಕದಲ್ಲಿ ಒಬ್ಬನ ಮಾತಿಗೆ ಬೆಲೆ ಕೊಡುವುದೆಂದರೆ ಅದನ್ನು ಕಡತಕ್ಕೆ ಸೇರಿಸುವುದು. ಅದಕ್ಕೇ ಹೇಳಿದರು: "ನಿನ್ನ ಅಭಿಪ್ರಾಯವನ್ನ ಲಿಖಿತವಾಗಿ ಕೊಡು."

ಶೆಡ್ಡಿನಲ್ಲಿ ಮೂರು ಜನ ಗಿರಾಕಿಗಳಿದ್ದರು. ಒಬ್ಬ ಕಿಸಕ್ಕನೆ ನಕ್ಕ. ಮೇಸ್ತ್ರಿ ಮುಚ್ಚಳಗಳನ್ನೆಲ್ಲ ನಿಧಾನವಾಗಿ ಬಿಡಿಸಿ, ನನ್ನದನ್ನು ಬನಿಯನ್ನಿನಿಂದ ಒರೆಸಿ ನನ್ನ ಕೈಗೆ ಕೊಟ್ಟರು. ಬರೆಯಕ್ಕೆ ಬರೋರ ಅತ್ರ ಮಾಡಿಸ್ಕೊ ಓಗಪ್ಪ ಎಂದಷ್ಟೇ ಹೇಳಿ ಬೆನ್ನು ತಿರುಗಿಸಿದರು. ಅವರ ಬಾಯಲ್ಲಿ 'ಲಾ' ಹೋಗಿ 'ಅಪ್ಪ' ಬಂದದ್ದು ನನಗೇ ಚುಚ್ಚಿತು. ನಮ್ಮವರಿಗೆ ಏನಾಯಿತೆಂದೇ ಹೊಳೆಯಲಿಲ್ಲ. ಬಸ್ ಸ್ಟ್ಯಾಂಡಿನವರೆಗೂ, ನಾನೇನು ತಪ್ಪು ಕೇಳಿದೆನಮ್ಮ, ದೊಡ್ಡ ಸಾಹೇಬರನ್ನೂ ನಾನು ಲಿಖಿತವಾಗೇ ಕೇಳುವುದಲ್ಲವೇ ಎನ್ನುತ್ತಾ ಬಂದರು. ನನಗೆ ರೇಗಿತು. ಸಾರ್, ಅವರಿಗೆ ಕನ್ನಡ ಬರೆಯಲು ಬರುವುದಿಲ್ಲ, ನಾಲ್ಕು ಜನರ ಮುಂದೆ ಅದನ್ನು ಎತ್ತಿ ಆಡಿದಿರಿ ಎಂದುಬಿಟ್ಟೆ. ಅವರು ನಿಂತರು. ಕರ್ಚೀಫನ್ನು ಮಡಿಸಿ ಕತ್ತುಪಟ್ಟಿಯೊಳಗೆ ಸಿಕ್ಕಿಸಿಕೊಂಡು ಮನೆಯ ಕಡೆ ತಿರುಗಿದರು.

ತಪ್ಪು ಗೊತ್ತಾದ ಮೇಲೆ ಹೋಗಿ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೋಗಲಿಲ್ಲ. ಮೇಸ್ತ್ರಿಯೂ ಕರೆಯಲಿಲ್ಲ. ಕಾರು ಹಿಂಭಾಗ ಎತ್ತಿದ ಹಾಗೇ ಶೆಡ್ಡಿನ ಮೂಲೆಯಲ್ಲಿ ನಿಂತಿತು, ಹಿಂದಿನ ಸೀಟಿನಲ್ಲಿ ಬೆಕ್ಕು ಎರಡು ಸಲ ಮರಿ ಹಾಕಿತು. ಬಸ್ಸು ದಿನಾ ಬೆಳಿಗ್ಗೆ ಆ ಶೆಡ್ಡಿನ ಮುಂದೆಯೇ ಹಾಯುತ್ತಿತ್ತು. ಶೆಡ್ಡು ಹತ್ತಿರ ಬಂದಂತೆ ನಮ್ಮವರು ಕತ್ತು ಪೂರಾ ಆಚೆ ತಿರುಗಿಸಿ, ಕಂಡಕ್ಟರಿನ ಚೀಲವನ್ನು ಮೊದಲ ಸಲ ನೋಡುವವರಂತೆ ನೋಡುತ್ತಿದ್ದರು. ದಾಟಿದ ಮೇಲೆ ಮೆಲ್ಲಗೆ ನನ್ನನ್ನು ಕೇಳುವರು: "ಶಟರು ತೆಗೆದಿತ್ತೇನಮ್ಮ?" ತೆಗೆದಿತ್ತು ಸಾರ್ ಎಂದರೆ ಒಂದು ಸಣ್ಣ ಹೂಂಕಾರ. ಮುಚ್ಚಿತ್ತು ಎಂದ ದಿನ ಕಚೇರಿಯಲ್ಲಿ ಯಾರ ಕಡತವೂ ಮುಂದೆ ಹೋಗುತ್ತಿರಲಿಲ್ಲ. ಒಂದು ವಾರ ಮುಚ್ಚಿದಾಗ ನಾನೇ ವಿಚಾರಿಸಿ, ಮಗಳ ಮನೆಗೆ ಹೋಗಿದ್ದಾರಂತೆ ಎಂದು ಹೇಳಬೇಕಾಯಿತು. ಹೀಗೆ ಒಂದೂವರೆ ವರ್ಷ. ನಿವೃತ್ತಿಗೆ ಎಂಟು ತಿಂಗಳು ಉಳಿದಿತ್ತು. ಕಾರಿನ ಮಾತು ಯಾರೂ ಎತ್ತುತ್ತಿರಲಿಲ್ಲ. ಐವತ್ತು ವರ್ಷದ ಗೆಳೆತನ ಹೀಗೇ ಮುಗಿದುಹೋಗುತ್ತದೆ ಎಂದು ನನಗೆ ಸಂಕಟವಾಗುತ್ತಿತ್ತು.

ಆ ಹೊತ್ತಿನಲ್ಲೇ ನನ್ನಿಂದ ಆ ಘೋರ ತಪ್ಪಾದದ್ದು. ಸಂಜೆ ಅಧೀಕ್ಷಕರ ಮೇಜಿನ ಮೇಲಿನ ಕಡತಗಳನ್ನು ಎತ್ತಿಕೊಂಡು ಹೋಗಿ ದೊಡ್ಡ ಸಾಹೇಬರ ಸಹಿಗೆ ಇಡುವುದು ನನ್ನ ಕೆಲಸ. ಆವತ್ತು ಸಾಹೇಬರಿಗೆ ಮೀಟಿಂಗಿಗೆ ಹೊರಡುವ ಅವಸರ. ಒಂದೊಂದಾಗಿ ತೆರೆದು ಸಹಿ ಹಾಕಿ ಎದ್ದುಹೋದರು. ಕಡತಗಳನ್ನು ತಂದು ಜೋಡಿಸುವಾಗ ನೋಡುತ್ತೇನೆ, ನಡುವೆ ಡಿಫರೆನ್ಷಿಯಲ್ ಕಡತ. ಕೊನೆಯ ಟಿಪ್ಪಣಿಯ ಕೆಳಗೆ ಹಸಿರು ಶಾಯಿಯಲ್ಲಿ, "ಅನುಮೋದಿಸಿದೆ." ಕೆಳಗೆ ಸಹಿ, ಅದರ ಕೆಳಗೆ ಮೊಹರು. ಕೆಲಸ ಹೋಯಿತು ಎಂದೇ ಲೆಕ್ಕ ಹಾಕಿ ಅಳುತ್ತಾ ಅವರ ಮುಂದೆ ಹೋಗಿ ನಿಂತೆ.

ಅವರು ಕನ್ನಡಕ ಏರಿಸಿ ಸಹಿಯನ್ನು ಬೆಳಕಿಗೆ ಹಿಡಿದು ನೋಡಿದರು. ಬೈಯಲಿಲ್ಲ. ಕೈತಪ್ಪಿನಿಂದ ಆಯಿತು ಎಂದು ನಾನು ತೊದಲುತ್ತಿದ್ದರೆ, ಕಣ್ಣು ಒರೆಸಿಕೊ ಎಂದರು. "ಆದೇಶವಾಗಿದೆ. ಇನ್ನು ಪಾಲಿಸಬೇಕಷ್ಟೆ."

ಮಾರನೆಯ ದಿನ ಮಧ್ಯಾಹ್ನ ಇಬ್ಬರೂ ಅರ್ಧ ದಿನದ ರಜೆ ಬರೆದುಕೊಟ್ಟು ಬಸ್ಸು ಹತ್ತಿದೆವು. ಕಡತ ಹಿಡಿದುಕೊಳ್ಳಲು ನಾನು ಬೇಕಂತೆ. ಶೆಡ್ಡಿನಲ್ಲಿ ಮೇಸ್ತ್ರಿ ಒಂದು ಟೆಂಪೋದ ಕೆಳಗೆ ಮಲಗಿದ್ದರು, ಕಾಣುತ್ತಿದ್ದದ್ದು ಎರಡು ಕಾಲು ಮಾತ್ರ. ನಮ್ಮ ಚಪ್ಪಲಿಗಳು ಅವರಿಗೆ ಕಂಡಿರಲೇಬೇಕು, ಸ್ಪ್ಯಾನರಿನ ಸದ್ದು ನಿಂತಿತು. ಹೊರಗೆ ಮಾತ್ರ ಬರಲಿಲ್ಲ. ನಮ್ಮವರು ಗಂಟಲು ಸರಿಮಾಡಿಕೊಂಡು, ಆ ಕಾಲುಗಳ ಮುಂದೆ ನೆಟ್ಟಗೆ ನಿಂತು, ಕಡತ ಬಿಚ್ಚಿ ಓದತೊಡಗಿದರು. ಗಿರಾಕಿಗಳು ಆವತ್ತೂ ಇದ್ದರು. ಇರಲಿ ಎಂದೇ ಗಟ್ಟಿಯಾಗಿ ಓದಿದರು.

"ಸದರಿ ವಿಷಯದಲ್ಲಿ ಗುಂಡ್ಲುಪೇಟೆಯ ತಜ್ಞರು ಮೌಖಿಕವಾಗಿ ತಿಳಿಸಿರುವುದೇನೆಂದರೆ, 'ಗಿಯರ್ದು ಒಳ್ಳೇದೇ ಕಣ್ಲಾ, ಆದ್ರೆ ಅದು ಲೆಕ್ಕದ ಗಿರಾಕಿ. ಚಕ್ರ ಗಾಳೀಲಿ ನಿಂತ್ಬುಟ್ರೆ ಸೊನ್ನೆ ಮೂರ್ಲ ಸೊನ್ನೆ' ಎಂಬುದಾಗಿರುತ್ತದೆ. ತಜ್ಞರ ಅಭಿಪ್ರಾಯವು ಸರಿಯಾಗಿರುತ್ತದೆ. ಇದನ್ನು ಲಿಖಿತವಾಗಿ ಕೇಳಿದ್ದು ಸರಿಯಾಗಿರುವುದಿಲ್ಲ. ಅದಕ್ಕಾಗಿ ಈ ಕಚೇರಿಯು ವಿಷಾದಿಸುತ್ತದೆ. ಪ್ಲೇಟ್ ಮಾದರಿಯನ್ನೇ ಅಳವಡಿಸಲು ಅನುಮೋದನೆ ಕೋರಿದೆ."

'ಕಣ್ಲಾ' ಎಂಬುದನ್ನು ಅವರು ಸರ್ಕಾರಿ ಸುತ್ತೋಲೆಯ ದನಿಯಲ್ಲಿ ಓದಿದಾಗಲೇ ಟೆಂಪೋದ ಕೆಳಗಿನ ಕಾಲುಗಳು ಅಲುಗಿದವು. 'ವಿಷಾದಿಸುತ್ತದೆ' ಬರುವಷ್ಟರಲ್ಲಿ ಮೊಣಕಾಲೆರಡೂ ಕುಣಿಯುತ್ತಿದ್ದವು. ಮೇಸ್ತ್ರಿ ಹೊರಗೆ ಜಾರಿ ಬಂದಾಗ ನಗು ತಡೆಯಲಾಗದೆ ಮುಖದ ಮೇಲೆಲ್ಲ ನೀರು, ಗ್ರೀಸು ಸೇರಿಹೋಗಿತ್ತು. ಅದರಲ್ಲಿ ನಗುವಿನ ನೀರೆಷ್ಟು ಬೇರೆಯದೆಷ್ಟು ಎಂದು ನಾನು ಕೇಳಲು ಹೋಗಲಿಲ್ಲ. "ಆಪೀಸು ವಿಷಾದಿಸ್ತದಾ? ನೀನೇನ್ಲಾ ಮಾಡ್ತಿಯೆ?" ಎಂದರು. ನಮ್ಮವರು ಕಡತ ಮುಚ್ಚಿ ನನ್ನ ಕೈಗೆ ಕೊಟ್ಟು, "ನಾನೂವೆ ಕಣ್ಲಾ" ಎಂದರು.

ಆಮೇಲೆ ಮೇಸ್ತ್ರಿ ಶೆಡ್ಡಿನ ಒಳಗಿನ ಅಟ್ಟಕ್ಕೆ ಕೈ ಹಾಕಿ, ಎಣ್ಣೆ ಕಾಗದದಲ್ಲಿ ಸುತ್ತಿದ ಭಾರದ್ದೊಂದನ್ನು ಇಳಿಸಿದರು. ಪ್ಲೇಟಿನ ಡಿಫರೆನ್ಷಿಯಲ್. ಕೊಯಮತ್ತೂರಿನಿಂದ ತರಿಸಿ ಒಂದು ವರ್ಷದ ಮೇಲಾಗಿತ್ತಂತೆ. ಮಾತಿಲ್ಲದ ಕಾಲದಲ್ಲಿ ಯಾರಿಗೆಂದು ತರಿಸಿದಿರಿ ಎಂದು ನಾನು ಕೇಳಿದೆ. ಇವನನ್ನು ಬಿಟ್ಟರೆ ಈ ತಾಲ್ಲೂಕಿನಲ್ಲಿ ಇಂಥದ್ದು ಹಾಕಿಸುವ ತಲೆಕೆಟ್ಟವನು ಇನ್ನಾರಿದ್ದಾನೆ ಎಂದು ಅವರು ನನ್ನನ್ನೇ ತಿರುಗಿ ಕೇಳಿದರು. ಬೆಕ್ಕನ್ನೂ ಮರಿಗಳನ್ನೂ ಬುಟ್ಟಿಗೆ ಸಾಗಿಸಿ ಕೆಲಸ ಶುರುವಾಯಿತು.

ಪರೀಕ್ಷೆ ಹಂಗಳದಲ್ಲೇ ನಡೆಯಬೇಕೆಂದು ಪಟ್ಟು ಹಿಡಿದರು. ಮಳೆ ಬರುವವರೆಗೆ ಕಾದು, ಅದೇ ಜಾಗಕ್ಕೆ ಹೋಗಿ, ಎಡಚಕ್ರವನ್ನು ಅದೇ ಕೆಸರಿಗೆ ಬೇಕೆಂದೇ ಇಳಿಸಿದರು. ಮೇಸ್ತ್ರಿ ಪಕ್ಕದಲ್ಲಿ, ನಾನೂ ಅವರ ಹೆಂಡತಿಯೂ ಹಿಂದೆ. ಎಡಚಕ್ರ ಒಂದು ಸುತ್ತು ಜಾರಿತು, ಬಲಚಕ್ರ ಹಿಡಿಯಿತು, ಕಾರು ಏನೂ ಆಗದಂತೆ ರಸ್ತೆಗೆ ಬಂತು. ನೋಡಲು ಒಂದು ನರಪಿಳ್ಳೆಯೂ ಇರಲಿಲ್ಲ. ಹೂವಿನ ಲಾರಿ ಬರುವವರೆಗೆ ಕಾದಿದ್ದು ಇನ್ನೊಮ್ಮೆ ಇಳಿಸಿ ಹತ್ತಿಸಿದರು. ಲಾರಿಯವರು ಇವರ ಕಡೆ ತಿರುಗಿಯೂ ನೋಡಲಿಲ್ಲ. ಮೂರನೆಯ ಸಲಕ್ಕೆ ಅವರ ಹೆಂಡತಿ, ನನ್ನ ಇಳಿಸಿ ಏನಾದ್ರೂ ಮಾಡ್ಕಳಿ ಎಂದ ಮೇಲೆ ನಿಲ್ಲಿಸಿದರು.

ತಿರುವಿನಲ್ಲಿ ಟಕಟಕ ಸದ್ದು ಬರುತ್ತಲೇ ಇತ್ತು. ಮೊದಮೊದಲು ಮುಖ ಕಿವಿಚುತ್ತಿದ್ದರು, ಆಮೇಲೆ ದಾರಿಯಲ್ಲಿ ನಿಂತವರಿಗೆಲ್ಲ ಕಿಟಕಿಯಿಂದ, ಕೆಟ್ಟಿಲ್ಲ, ಅದು ಪ್ಲೇಟು ಎಂದು ಹೆಮ್ಮೆಯಿಂದ ವಿವರಿಸತೊಡಗಿದರು. ನಿವೃತ್ತಿಯ ದಿನ ಮೇಸ್ತ್ರಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದೇ ಕಾರಿನಲ್ಲಿ ಚಾಮರಾಜನಗರಕ್ಕೆ ಬಂದರು, ನಲವತ್ತರಲ್ಲಿ. ಬಸ್ಸಿನಲ್ಲಿ ಬಂದ ನಾನೇ ಮೊದಲು ತಲುಪಿದೆ. ಸಂಜೆ ಬೀದಿಯ ಮೂಲೆಯಲ್ಲಿ ಆ ಸದ್ದು ಕೇಳಿದರೆ ಅವರ ಹೆಂಡತಿ ಕಾಫಿಗೆ ನೀರಿಡುತ್ತಿದ್ದರಂತೆ. ಹನ್ನೊಂದನೆಯ ದಿನ ಆಕೆ ತಮ್ಮ ಬಗ್ಗೆ ನನಗೆ ಹೇಳಿಕೊಂಡದ್ದು ಅದೊಂದನ್ನೇ, ನೀರಿಡಕ್ಕೆ ಒತ್ತು ಗೊತ್ತಾಗಕಿಲ್ಲ ಕಣಮ್ಮಿ ಎಂದು.

ಮನೆಗೆ ಬಂದು ಕಡತವನ್ನು ಕೊನೆಯವರೆಗೂ ತಿರುವಿದೆ. ಹಿಂಬದಿಯ ರಟ್ಟಿಗೆ ಚಲನವಲನದ ಪಟ್ಟಿ ಅಂಟಿಸಿದ್ದರು. ಕಡತ ಯಾರಿಂದ ಯಾರಿಗೆ ಹೋಯಿತೆಂದು ಬರೆಯುವ ಪಟ್ಟಿ. ಉದ್ದಕ್ಕೂ 'ಅಧೀಕ್ಷಕರಿಂದ ಅಧೀಕ್ಷಕರಿಗೆ' ಎಂದೇ ಇತ್ತು. ಕೊನೆಯ ಸಾಲು ಮಾತ್ರ ಬೇರೆ. "ಅಧೀಕ್ಷಕರಿಂದ ದೊಡ್ಡ ಸಾಹೇಬರಿಗೆ. ಷರಾ: ಉದ್ದೇಶಪೂರ್ವಕವಾಗಿ ಇತರ ಕಡತಗಳ ನಡುವೆ ಇಡಲಾಗಿದೆ. ಇದರಲ್ಲಿ ಸಹಾಯಕಿಯ ಲೋಪ ಇರುವುದಿಲ್ಲ." ಸಾಹೇಬರು ಸಹಿ ಹಾಕಿದ ದಿನದ್ದೇ ತಾರೀಕು.

ನನಗೆ ಎಂಥ ಸಿಟ್ಟು ಬಂತೆಂದರೆ, ಎದುರಿಗಿದ್ದಿದ್ದರೆ ಜಗಳ ಆಡುತ್ತಿದ್ದೆ. ಇಷ್ಟು ವರ್ಷ ಆ ತಪ್ಪು ನನ್ನದೇ ಎಂದು ನಂಬಿ, ಪ್ರತಿ ಕಡತವನ್ನೂ ಎರಡೆರಡು ಸಲ ತೆರೆದು ನೋಡಿ ಸಹಿಗೆ ಇಡುತ್ತಿದ್ದೇನೆ. ಬಾಯಿಬಿಟ್ಟು ಹೇಳಬಾರದಿತ್ತೇ ಸಾರ್?

ಭಾನುವಾರ ಕಡತ ಹಿಡಿದುಕೊಂಡು ಶೆಡ್ಡಿಗೆ ಹೋದೆ. ಕಾರು ಈಗ ಅಲ್ಲೇ ಇದೆ, ಓಡಿಸಲು ಬರದ ಅವರ ಹೆಂಡತಿ ಅಲ್ಲೇ ಇರಲಿ ಎಂದಿದ್ದಾರೆ. ಮೇಸ್ತ್ರಿ ಅದರ ಗಾಜು ಒರೆಸುತ್ತಿದ್ದರು. ಕೊನೆಯ ಸಾಲನ್ನು ಓದಿ ಹೇಳಿದೆ. ಇನ್ನೊಂದು ಸಲ ಓದು ಎಂದರು, ಓದಿದೆ. ಬಟ್ಟೆಯನ್ನು ಬಾನೆಟ್ಟಿನ ಮೇಲಿಟ್ಟರು.

"ಬತ್ತೀನಿ ಅಂದಿದ್ರೆ ನಾನೇನ್ ಬ್ಯಾಡ ಅಂತಿದ್ನಾ? ಅದ್ಕೂ ಆರ್ಡ್ರು ಬೇಕಾಯ್ತು ನೋಡವ್ವ" ಎಂದರು. ಆಮೇಲೆ ಕೈಯನ್ನು ಸೀಮೆಎಣ್ಣೆಯಲ್ಲಿ ತೊಳೆದು, ಸೋಪು ಹಚ್ಚಿ ಮತ್ತೆ ತೊಳೆದು, ಒರೆಸಿಕೊಂಡು ಬಂದು ನನ್ನ ಪೆನ್ನು ಕೇಳಿದರು.

ಸಾಹೇಬರ ಹಸಿರು ಸಹಿಯ ಕೆಳಗೆ ಖಾಲಿ ಜಾಗವಿತ್ತು. ಕಾರಿನ ಬಾನೆಟ್ಟಿನ ಮೇಲೆ ಕಡತವಿಟ್ಟು, ಬಲದಿಂದ ಎಡಕ್ಕೆ, ಉರ್ದುವಿನಲ್ಲಿ ಒಂದು ಸಾಲು ನಿಧಾನವಾಗಿ ಬರೆದು, ಕೆಳಗೆ ಸಹಿ ಹಾಕಿದರು. ಏನು ಬರೆದಿರಿ ಭಾಯ್ ಎಂದು ಕೇಳಿದೆ.

"ಅವ್ನು ಕೇಳಿದ್ನಲ್ಲ, ಲಿಖಿತವಾಗಿ. ಪ್ಲೇಟ್ದೇ ಸರಿ ಅಂತ ಬರ್ದಿವ್ನಿ" ಎಂದು ಪೆನ್ನಿನ ಮುಚ್ಚಳ ಹಾಕಿ ನನ್ನ ಕೈಗೆ ಕೊಟ್ಟರು. "ಇನ್ನು ಫೈಲು ಮುಚ್ಚವ್ವ."